ಹೂ ನೋಡಲು ಹೊರಟ ಸೈಕಲ್ ಗುಂಪು: ಯಾರನ್ನೂ ಹಿಂದೆ ಬಿಡದೆ ಹೋಗುವುದು ಹೇಗೆ?

ನಿಧಾನ ಪೆಡಲ್
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಸೈಕಲ್ ಕ್ಲಬ್‌ನಲ್ಲಿ ಮೂವತ್ತು ಜನ ಇದ್ದೇವೆ. ಪ್ರತಿ ವಸಂತದಲ್ಲಿ ಒಂದು ಭಾನುವಾರ ಹೂಮರಗಳ ಸಾಲು ನೋಡಲು ಹೋಗುತ್ತೇವೆ. ಹೋಗಲು 18 ಕಿ.ಮೀ., ಬರಲು ಅಷ್ಟೇ. ನಡುವೆ ಒಂದು ಉದ್ದನೆಯ ಏರು ಇದೆ.

ಹೋದ ವರ್ಷ ಎರಡು ತಪ್ಪಾಯಿತು. ತಿಂಗಳ ಮುಂಚೆಯೇ ದಿನ ಗೊತ್ತುಮಾಡಿದ್ದೆವು. ನಾವು ಹೋಗುವ ಹೊತ್ತಿಗೆ ಹೂವೆಲ್ಲ ನೆಲದ ಮೇಲಿತ್ತು. ಅದು ಹೋಗಲಿ. ಇನ್ನೊಂದು ತಪ್ಪು ನನ್ನನ್ನು ಇವತ್ತಿಗೂ ಕೊರೆಯುತ್ತಿದೆ. ಏರಿನಲ್ಲಿ ಗುಂಪು ಚದುರಿಹೋಯಿತು. ಹೊಸದಾಗಿ ಸೇರಿದ್ದ ಒಬ್ಬ ಅಕ್ಕನ ಚೈನ್ ಕಳಚಿತ್ತು. ಅವರ ಹಿಂದೆ ಯಾರೂ ಇರಲಿಲ್ಲ. ಅರ್ಧ ಗಂಟೆ ರಸ್ತೆ ಬದಿಯಲ್ಲಿ ಒದ್ದಾಡಿ, ಸೈಕಲ್ ತಳ್ಳಿಕೊಂಡು ವಾಪಸ್ ಹೋದರಂತೆ. ಮರದ ಕೆಳಗೆ ಫೋಟೊಗೆ ನಿಂತಾಗ ತಲೆ ಎಣಿಸಿದೆವು. ಆಗಲೇ ನಮಗೆ ಗೊತ್ತಾಗಿದ್ದು. ಆಮೇಲೆ ಅವರು ಬರಲೇ ಇಲ್ಲ. ಆ ದಿನ ಗುಂಪಿನ ಮುಂದೆ ಇದ್ದವನು ನಾನೇ.

ಈ ಸಲ ಹಾಗಾಗಬಾರದು. ನೀವು ದಿನ ಹೇಗೆ ಆರಿಸುತ್ತೀರಿ? ವೇಗದವರನ್ನೂ ಹೊಸಬರನ್ನೂ ಒಟ್ಟಿಗೆ ಹೇಗೆ ಕರೆದುಕೊಂಡು ಹೋಗುತ್ತೀರಿ?

ಹಿಂದಿನ ಚಕ್ರ
ಕೊನೆಯಲ್ಲಿ ಒಬ್ಬರು ಇರಲೇಬೇಕು. ನಾವು ಅವರನ್ನು ಸ್ವೀಪ್ ಅಂತ ಕರೆಯುತ್ತೇವೆ. ಅವರು ಯಾರನ್ನೂ ದಾಟುವ ಹಾಗಿಲ್ಲ. ಯಾರು ನಿಂತರೂ ಅವರೂ ನಿಲ್ಲಬೇಕು. ಹೊರಡುವಾಗ ಎಷ್ಟು ಜನ ಎಂಬ ಲೆಕ್ಕ ಅವರ ಬಳಿ ಇರಬೇಕು. ಪಂಪ್, ಸ್ಪೇರ್ ಟ್ಯೂಬ್, ಟಯರ್ ಬಿಚ್ಚುವ ಲಿವರ್ ಕೂಡ.

ಸಾಮಾನ್ಯವಾಗಿ ಗಟ್ಟಿ ಸವಾರರೆಲ್ಲ ಮುಂದೆ ಓಡುತ್ತಾರೆ, ಹಿಂದೆ ಉಳಿದವರೇ ಸ್ವೀಪ್ ಆಗುತ್ತಾರೆ. ಅದು ತಲೆಕೆಳಗು. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ಇರುವವರು, ರಿಪೇರಿ ಗೊತ್ತಿರುವವರು ಕೊನೆಯಲ್ಲಿರಬೇಕು.

ಏರು ಪ್ರೇಮಿ
ಒಪ್ಪುತ್ತೇನೆ, ಆದರೆ ಒಂದು ಮಾತು. ನನ್ನಂಥವರಿಗೆ ವಾರದಲ್ಲಿ ಸಿಗುವುದು ಭಾನುವಾರ ಒಂದೇ. ಗಂಟೆಗೆ 14 ಕಿ.ಮೀ. ವೇಗದಲ್ಲಿ ಹೋದರೆ ನನಗೆ ಸವಾರಿ ಮಾಡಿದ ಹಾಗೇ ಅನ್ನಿಸುವುದಿಲ್ಲ. ಎರಡು ಗುಂಪು ಮಾಡಿ. ಮುಂದಿನವರು ಮೊದಲು ತಲುಪಿ ಕಾಯಲಿ.

ಮಣ್ಣು ದಾರಿ
ಕಾಯುತ್ತಾರಾ? ನಮ್ಮಲ್ಲಿ ಹಾಗೇ ಮಾಡಿದೆವು. ಮುಂದಿನ ಗುಂಪು ತಲುಪಿ, ಫೋಟೊ ತೆಗೆದು, ಬೇಜಾರಾಗಿ ವಾಪಸ್ ಹೊರಟಿತು. ನಾವು ಹೋಗುತ್ತಿದ್ದೇವೆ, ಅವರು ಎದುರಿಗೆ ಬರುತ್ತಿದ್ದಾರೆ. ಕೈ ಬೀಸಿ ಹೋದರು. ಅದು ಒಂದು ಕ್ಲಬ್ಬಾ?

ಲೆಕ್ಕದ ಮೇಷ್ಟ್ರು
ಇದಕ್ಕೆ ಸುಲಭದ ದಾರಿ ಇದೆ. ನಿಧಾನದವರನ್ನು ಮೊದಲು ಹೊರಡಿಸಿ.

18 ಕಿ.ಮೀ. ದಾರಿ. ಗಂಟೆಗೆ 14 ಕಿ.ಮೀ. ಸರಾಸರಿಯಲ್ಲಿ ಹೋಗುವವರಿಗೆ ಸುಮಾರು 77 ನಿಮಿಷ ಬೇಕು. 24 ಕಿ.ಮೀ. ಸರಾಸರಿಯವರಿಗೆ 45 ನಿಮಿಷ ಸಾಕು. ವ್ಯತ್ಯಾಸ 32 ನಿಮಿಷ. ಅಂದರೆ ನಿಧಾನದವರು ಆರಕ್ಕೆ ಹೊರಟರೆ ವೇಗದವರು ಆರೂವರೆಗೆ ಹೊರಡಲಿ. ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಮರದ ಕೆಳಗಿರುತ್ತಾರೆ. ಏರು ಪ್ರೇಮಿಯವರಿಗೆ ಬೆವರೂ ಸಿಗುತ್ತದೆ. ಇನ್ನೂ ಒಂದು ಲಾಭ ಇದೆ. ದಾರಿಯಲ್ಲಿ ಯಾರಾದರೂ ನಿಂತಿದ್ದರೆ ಹಿಂದಿನಿಂದ ಬರುವ ಗಟ್ಟಿ ಗುಂಪಿಗೆ ಸಿಕ್ಕೇ ಸಿಗುತ್ತಾರೆ.

ಏರು ಪ್ರೇಮಿ
ಇದು ಚೆನ್ನಾಗಿದೆ ಸರ್. ನಾನು ಯೋಚಿಸಿರಲಿಲ್ಲ.

ಹಿಂದಿನ ಚಕ್ರ
ಮೇಷ್ಟ್ರೇ, ಒಂದು ತಿದ್ದುಪಡಿ. ಹೊಸಬರ ಸರಾಸರಿ 14 ಬರುವುದಿಲ್ಲ. ಮೀಟರ್‌ನಲ್ಲಿ 14 ಕಾಣುತ್ತದೆ, ಆದರೆ ನೀರು ಕುಡಿಯಲು, ಸೀಟು ಸರಿಮಾಡಲು, ಸಿಗ್ನಲ್‌ನಲ್ಲಿ ನಿಲ್ಲಲು ಹೊತ್ತು ಹೋಗುತ್ತದೆ. ಒಟ್ಟು ಲೆಕ್ಕದಲ್ಲಿ 11 ಅಥವಾ 12 ಅಂತ ಇಟ್ಟುಕೊಳ್ಳಿ. ವೇಗದವರು 45 ನಿಮಿಷ ಬಿಟ್ಟು ಹೊರಟರೂ ಸರಿಯೇ. ಅವರ ಗುಂಪಿಗೂ ಕೊನೆಯಲ್ಲಿ ಒಬ್ಬರು ಬೇಕು.

ಮೊಗ್ಗು ಕಾವಲು
ದಿನದ ಬಗ್ಗೆ ಯಾರೂ ಮಾತಾಡಲಿಲ್ಲ. ನಿಧಾನ ಪೆಡಲ್ ಅವರೇ, ಅದು ಯಾವ ಮರ?

ನಿಧಾನ ಪೆಡಲ್
ಹೆಚ್ಚಿನವು ಟಬೂಬಿಯಾ. ಗುಲಾಬಿ ಬಣ್ಣದ್ದು. ಎಲೆ ಪೂರ್ತಿ ಉದುರಿ ಬರೀ ಹೂವೇ ಇರುತ್ತದೆ.

ಮೊಗ್ಗು ಕಾವಲು
ಹಾಗಿದ್ದರೆ ಕ್ಯಾಲೆಂಡರ್ ನೋಡಬೇಡಿ, ಮರ ನೋಡಿ. ಈ ಮರ ಒಣ ಹವೆಯಲ್ಲಿ ಎಲೆ ಉದುರಿಸಿ ಹೂ ಬಿಡುತ್ತದೆ. ಒಣ ಹವೆ ಹಿಂದೆ ಮುಂದೆ ಆದರೆ ಹೂವೂ ಹಿಂದೆ ಮುಂದೆ ಆಗುತ್ತದೆ. ನಡುವೆ ಒಂದು ಜೋರು ಮಳೆ ಗಾಳಿ ಬಂದರೆ ಒಂದೇ ರಾತ್ರಿಯಲ್ಲಿ ಮುಗಿಯಿತು.

ಚೆರ್ರಿ ಮರಗಳ ಲೆಕ್ಕ ಬೇರೆ. ಅದಕ್ಕೆ ಮೊದಲು ಚಳಿ ಬೇಕು. ಚಳಿಗಾಲದಲ್ಲಿ ಮೊಗ್ಗು ಮಲಗಿರುತ್ತದೆ. ಸಾಕಷ್ಟು ಚಳಿ ತಿಂದ ಮೇಲೆ ಬಿಸಿಲು ಏರಿದರೆ ಅರಳುತ್ತದೆ. ಹವೆ ಬೇಗ ಬಿಸಿಯಾದರೆ ಹೂವೂ ಬೇಗ. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಅರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದಲೂ ಸಿಗುತ್ತದೆ. ಅಷ್ಟು ವರ್ಷಗಳಲ್ಲಿ ಅದುವರೆಗೆ ಎಲ್ಲಕ್ಕಿಂತ ಬೇಗ ಪೂರ್ತಿ ಅರಳಿದ್ದು 2021ರಲ್ಲಿ, ಮಾರ್ಚ್ 26ಕ್ಕೆ. ಅಜ್ಜನ ಕಾಲದ ದಿನಾಂಕ ನಂಬಿಕೊಂಡು ಹೋದರೆ ಈಗ ಬರೀ ಕೊಂಬೆ ನೋಡಬೇಕಾಗುತ್ತದೆ.

ಅಲ್ಲಿನ ಹವಾಮಾನ ಇಲಾಖೆಯ ಕ್ರಮ ನನಗೆ ತುಂಬಾ ಇಷ್ಟ. ಪ್ರತಿ ಕಡೆ ಒಂದು ಮರವನ್ನು ಗುರುತಿಸಿಟ್ಟಿರುತ್ತಾರೆ. ಅದರಲ್ಲಿ ಐದಾರು ಹೂ ಅರಳಿದರೆ ಹೂ ಶುರು ಅಂತ ಹೇಳುತ್ತಾರೆ. ಶೇ 80ರಷ್ಟು ಅರಳಿದರೆ ಪೂರ್ತಿ ಅರಳಿತು ಅಂತ. ನೀವೂ ಹಾಗೇ ಮಾಡಿ. ಸಾಲಿನಲ್ಲಿ ಒಂದು ಮರ ಆರಿಸಿ. ಆ ಕಡೆ ಓಡಾಡುವ ಒಬ್ಬರು ಎರಡು ದಿನಕ್ಕೊಮ್ಮೆ ಅದೇ ಮರದ ಫೋಟೊ ಹಾಕಲಿ. ಬೇರೆ ಮರ ಬೇಡ, ಅದೇ ಮರ, ಅದೇ ಕೊಂಬೆ.

ಬೆಳಗಿನ ಇಬ್ಬನಿ
ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿರುವವರು, ಪಾಳಿ ಕೆಲಸದವರು ಏನು ಮಾಡಬೇಕು? ಮೂರು ದಿನ ಮುಂಚೆ ಹೇಳಿದರೆ ನನಗೆ ಬರಲು ಆಗುವುದೇ ಇಲ್ಲ. ದಿನ ಮೊದಲೇ ಗೊತ್ತಿದ್ದರೆ ನಾನು ಬರಬಹುದು. ಹೂವಿಗೆ ಅನುಕೂಲ ಮಾಡಿಕೊಡುವ ಭರದಲ್ಲಿ ಮನುಷ್ಯರನ್ನು ಬಿಡಬಾರದು, ಅಲ್ವಾ?

ಮೊಗ್ಗು ಕಾವಲು
ನಿಮ್ಮ ಮಾತು ನಿಜ ಅಕ್ಕ. ಮೂರು ಭಾನುವಾರ ಮೊದಲೇ ಹೇಳಿಬಿಡಿ. ಎಲ್ಲರೂ ಮೂರನ್ನೂ ಖಾಲಿ ಇಟ್ಟುಕೊಳ್ಳಲಿ. ಯಾವುದು ಅಂತ ಗುರುವಾರ ಸಂಜೆ ಮರ ಹೇಳುತ್ತದೆ.

ಬೆಳಗಿನ ಇಬ್ಬನಿ
ಅದು ಆಗಬಹುದು.

ಗಾಳಿ ಪಂಪ್
ಹಿಂದಿನ ರಾತ್ರಿ ಎಲ್ಲರೂ ಟಯರ್‌ಗೆ ಫುಲ್ ಗಾಳಿ ಹೊಡೆಯಬೇಕು. ಗಟ್ಟಿ ಇದ್ದಷ್ಟೂ ಒಳ್ಳೆಯದು.

ಹಿಂದಿನ ಚಕ್ರ
ಇಲ್ಲ. ಟಯರ್‌ನ ಪಕ್ಕದಲ್ಲಿ ಗರಿಷ್ಠ ಎಷ್ಟು ಅಂತ ಬರೆದಿರುತ್ತದೆ. ಅದು ಮಿತಿ, ಗುರಿ ಅಲ್ಲ. ಒರಟು ರಸ್ತೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ಟಯರ್ ಕುಣಿಯುತ್ತದೆ, ಹಿಡಿತ ಕಡಿಮೆ, ಕೈ ನೋವು ಜಾಸ್ತಿ. ಹಾಗಂತ ತೀರಾ ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್‌ಗೂ ಟಯರ್‌ಗೂ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ನಿಮ್ಮ ತೂಕ, ಟಯರ್ ಅಗಲ ನೋಡಿ ನಡುವೆ ಇಟ್ಟುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ವಾಲ್ವ್ ಬೇರೆ ಬೇರೆ ಥರ ಇರುತ್ತವೆ. ಸಣ್ಣಗೆ ಉದ್ದಕ್ಕಿರುವ ಪ್ರೆಸ್ಟಾ, ಕಾರಿನದರಂತೆ ದಪ್ಪಗಿರುವ ಶ್ರೇಡರ್. ಗುಂಪಿನಲ್ಲಿ ಪಂಪ್ ಇತ್ತು, ಆದರೆ ಈ ವಾಲ್ವ್‌ಗೆ ಕೂರಲಿಲ್ಲ ಎಂಬ ಗೋಳು ನಾನು ಎರಡು ಸಲ ನೋಡಿದ್ದೇನೆ. ಹೊರಡುವ ಮುಂಚೆ ಕೇಳಿಟ್ಟುಕೊಳ್ಳಿ.

ಮಣ್ಣು ದಾರಿ
ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕುವ ಮುಂಚೆ ಟಯರ್ ಒಳಗೆ ಬೆರಳಾಡಿಸಿ ನೋಡಿ. ಮುಳ್ಳು ಅಲ್ಲೇ ಇರುತ್ತದೆ. ನಾನು ಆತುರದಲ್ಲಿ ನೋಡದೆ ಹಾಕಿದೆ. ಹತ್ತು ನಿಮಿಷಕ್ಕೆ ಎರಡನೆಯದೂ ಹೋಯಿತು. ಇಡೀ ಗುಂಪು ಬಿಸಿಲಿನಲ್ಲಿ ನಿಂತಿತ್ತು.

ಹಳೇ ಸೈಕಲ್
ಗಾಳಿ ತುಂಬಿದ ಟಯರ್ ಅಂದಾಗ ನೆನಪಾಯಿತು. 1887–88ರ ಹೊತ್ತಿಗೆ ಡನ್ಲಪ್ ಎಂಬ ಪಶುವೈದ್ಯ ಅದನ್ನು ಮಾಡಿದ್ದು ತನ್ನ ಮಗನ ಮೂರು ಚಕ್ರದ ಸೈಕಲ್‌ಗೆ. ಹುಡುಗನಿಗೆ ಒರಟು ನೆಲದಲ್ಲಿ ಕುಲುಕಾಟ ಕಡಿಮೆಯಾಗಲಿ ಅಂತ. ಅದಕ್ಕೂ ಮುಂಚೆ ಗಟ್ಟಿ ರಬ್ಬರ್ ಇತ್ತು. ನಾವು ಇವತ್ತು ಹಾಯಾಗಿ ಹೂ ನೋಡಲು ಹೋಗುವುದರ ಹಿಂದೆ ಒಬ್ಬ ಅಪ್ಪನ ಕಾಳಜಿ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಬೆಳಗಿನ ಇಬ್ಬನಿ
ಎಷ್ಟು ಚೆನ್ನಾಗಿದೆ ಇದು. ಮಗಳಿಗೆ ಓದಿ ಹೇಳಿದೆ.

ತಂಪು ನೆರಳು
ನನಗೆ ಹೂವಿನ ಧೂಳು ಆಗುವುದಿಲ್ಲ. ವಸಂತ ಬಂದರೆ ಸೀನು ಶುರು. ನನ್ನಂಥವರು ಈ ಸವಾರಿಗೆ ಬರಲೇಬಾರದಾ?

ಮೊಗ್ಗು ಕಾವಲು
ನೀವು ಬೈಯುತ್ತಿರುವ ಹೂ ಬಹುಶಃ ತಪ್ಪು ಮಾಡಿಲ್ಲ. ಬಣ್ಣಬಣ್ಣದ ದೊಡ್ಡ ಹೂಗಳು ಜೇನು, ಹಕ್ಕಿಗಳನ್ನು ಕರೆಯುವಂಥವು. ಅವುಗಳ ಪರಾಗ ಭಾರ, ಅಂಟಂಟು. ಗಾಳಿಯಲ್ಲಿ ಜಾಸ್ತಿ ಹಾರುವುದಿಲ್ಲ. ಸೀನು ತರಿಸುವುದು ಹೆಚ್ಚಾಗಿ ಗಾಳಿಗೆ ಪರಾಗ ತೂರುವ ಗಿಡಗಳು. ಹುಲ್ಲು, ಬರ್ಚ್‌ನಂಥ ಮರಗಳು. ಅವುಗಳ ಹೂ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಎರಡೂ ಒಂದೇ ಕಾಲಕ್ಕೆ ಬರುವುದರಿಂದ ಬೈಗುಳ ಚೆಂದದ ಹೂವಿಗೆ ಬೀಳುತ್ತದೆ.

ತಂಪು ನೆರಳು
ಹೌದಾ! ಇಷ್ಟು ವರ್ಷ ಮರದ ಹತ್ತಿರವೇ ಹೋಗುತ್ತಿರಲಿಲ್ಲ ನಾನು.

ಬಿಳಿ ಕೋಟು
ಆದರೂ ಎಚ್ಚರ ಇರಲಿ. ಪೆಡಲ್ ತುಳಿಯುವಾಗ ಉಸಿರು ಜೋರಾಗುತ್ತದೆ. ಸುಮ್ನೆ ಕೂತಾಗಿನದಕ್ಕಿಂತ ಎಷ್ಟೋ ಪಟ್ಟು ಗಾಳಿ ಒಳಗೆ ಹೋಗುತ್ತದೆ, ಅದರಲ್ಲಿ ಪರಾಗವೂ ಹೋಗುತ್ತದೆ. ಉಬ್ಬಸ ಇರುವವರು ಇನ್‌ಹೇಲರ್ ಅನ್ನು ಬ್ಯಾಗಿನ ತಳದಲ್ಲಿ ಇಡಬೇಡಿ, ಕೈಗೆ ಸಿಗುವ ಜೇಬಿನಲ್ಲಿಡಿ. ಪಕ್ಕದ ಸವಾರರಿಗೂ ಹೇಳಿಟ್ಟಿರಿ.

ಜೇನಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕನ್ನಡಕ ಹಾಕಿಕೊಳ್ಳಿ. ಹೆಲ್ಮೆಟ್ ತೂತಿನೊಳಗೆ ಜೇನು ಹೋದರೆ ಕೈ ಬಿಟ್ಟು ಬಡಿದುಕೊಳ್ಳಬೇಡಿ. ಹಿಂದಿನವರಿಗೆ ಕೂಗಿ ಹೇಳಿ, ನಿಧಾನವಾಗಿ ಬದಿಗೆ ನಿಲ್ಲಿಸಿ, ಆಮೇಲೆ ಹೆಲ್ಮೆಟ್ ತೆಗೆಯಿರಿ. ಕಚ್ಚಿದರೆ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ. ಹೇಗಾದರೂ ಸರಿ, ಬೇಗ ತೆಗೆಯಬೇಕು. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಅಲ್ಲೇ ಸವಾರಿ ನಿಲ್ಲಿಸಿ ಆಸ್ಪತ್ರೆಗೆ. ಇಡೀ ಹಿಂಡೇ ಎದ್ದರೆ ಮಾತ್ರ ನಿಲ್ಲಬಾರದು, ಅಲ್ಲಿಂದ ದೂರ ಹೋಗಿಬಿಡಬೇಕು.

ಒಂಟಿ ಸವಾರಿ
ಇಷ್ಟೆಲ್ಲ ನಿಯಮ ಯಾಕೆ? ಸೈಕಲ್ ತಗೊಂಡು ಹೋಗಿ ಹೂ ನೋಡಿ ಬರುವುದು ಅಷ್ಟೇ ತಾನೆ. ನಾನು ಒಬ್ಬನೇ ಹೋಗುತ್ತೇನೆ, ಯಾವ ತಲೆನೋವೂ ಇಲ್ಲ.

ಬಿದ್ದು ಎದ್ದವಳು
ಒಬ್ಬರೇ ಹೋಗುವಾಗ ನಿಮ್ಮ ಮುಂದೆ ಯಾರ ಚಕ್ರವೂ ಇರುವುದಿಲ್ಲ ಸರ್. ಗುಂಪಿನಲ್ಲಿ ಇರುತ್ತದೆ. ನನಗೆ ಆದದ್ದು ಹೇಳುತ್ತೇನೆ.

ಹೂಮರಗಳ ಸಾಲಿಗೆ ಬಂದಿದ್ದೆವು. ವೇಗ ಜಾಸ್ತಿ ಏನೂ ಇರಲಿಲ್ಲ. ನಾನು ತಲೆ ಎತ್ತಿ ಮೇಲೆ ನೋಡಿದೆ. ಬರೀ ಎರಡು ಕ್ಷಣ. ಅಷ್ಟರಲ್ಲಿ ಮುಂದಿನವರು ಫೋಟೊಗೆ ಅಂತ ಬ್ರೇಕ್ ಹಾಕಿದರು. ನನ್ನ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಉಜ್ಜಿತು. ಹಾಗಾದಾಗ ಮುಂದಿನವರಿಗೆ ಏನೂ ಆಗುವುದಿಲ್ಲ. ಹಿಂದಿನವರ ಹ್ಯಾಂಡಲ್ ತಿರುಗಿ ನೆಲಕ್ಕೆ. ನನ್ನ ಮೇಲೆ ಇನ್ನಿಬ್ಬರು ಬಿದ್ದರು. ಮಣಿಕಟ್ಟು ಮುರಿದು ಆರು ವಾರ ಪಟ್ಟಿ ಹಾಕಿಸಿಕೊಂಡೆ.

ಬೇರೆ ಸವಾರಿಯಲ್ಲಿ ಎಲ್ಲರ ಕಣ್ಣು ರಸ್ತೆ ಮೇಲೆ ಇರುತ್ತದೆ. ಹೂ ನೋಡುವ ಸವಾರಿಯಲ್ಲಿ ಎಲ್ಲರ ಕಣ್ಣೂ ಮೇಲೆ. ಇದೇ ಇದರ ಅಪಾಯ. ಅದಕ್ಕೇ ಈಗ ನಮ್ಮಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ಮರಗಳ ಸಾಲು ಶುರುವಾದ ಕೂಡಲೇ ಎಲ್ಲರೂ ಇಳಿದು ಸೈಕಲ್ ತಳ್ಳಿಕೊಂಡು ನಡೆಯಬೇಕು. ನಡೆಯುವಾಗ ಎಷ್ಟು ಬೇಕಾದರೂ ಮೇಲೆ ನೋಡಿ.

ನಿಧಾನ ಪೆಡಲ್
ಇದನ್ನು ಓದಿ ಒಂದು ನಿಮಿಷ ಸುಮ್ಮನಾದೆ. ಖಂಡಿತ ಮಾಡುತ್ತೇವೆ. ನಿಮ್ಮ ಕೈ ಈಗ ಹೇಗಿದೆ ಅಕ್ಕ?

ಬಿದ್ದು ಎದ್ದವಳು
ಪೂರ್ತಿ ಸರಿಯಾಗಿದೆ. ಈ ವರ್ಷವೂ ಹೋಗುತ್ತಿದ್ದೇನೆ.

ಒಂಟಿ ಸವಾರಿ
ಕ್ಷಮಿಸಿ ಮೇಡಂ, ಇದು ನನಗೆ ಹೊಳೆದಿರಲಿಲ್ಲ.

ಲೆಕ್ಕದ ಮೇಷ್ಟ್ರು
ಹತ್ತಿರ ಹತ್ತಿರ ಹೋಗುವ ಚಟದ ಬಗ್ಗೆ ಒಂದು ಮಾತು. ಮುಂದಿನವರ ಬೆನ್ನಿಗೆ ಅಂಟಿ ಹೋದರೆ ಗಾಳಿ ತಡೆ ಕಡಿಮೆಯಾಗುತ್ತದೆ, ನಿಜ. ಆದರೆ ಅದು ವೇಗದ ಆಟ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಗಂಟೆಗೆ 30 ಕಿ.ಮೀ.ನಲ್ಲಿ ಹೋಗುವವರಿಗೆ ಆ ಉಳಿತಾಯ ದೊಡ್ಡದು. 14ರಲ್ಲಿ ಹೋಗುವವರಿಗೆ ಅದರಿಂದ ಸಿಗುವುದು ತೀರಾ ಸ್ವಲ್ಪ. ಹಾಗಾಗಿ ನಿಧಾನದ ಗುಂಪಿಗೆ ಅಂಟಿಕೊಂಡು ಹೋಗಲು ಯಾವ ಕಾರಣವೂ ಇಲ್ಲ. ಒಂದು ಸೈಕಲ್ ಉದ್ದಕ್ಕಿಂತ ಜಾಸ್ತಿ ಜಾಗ ಬಿಡಿ.

ಸಿಗ್ನಲ್ ಕೈ
ಕೂಗುವುದನ್ನೂ ಕಲಿಸಿ. ಮುಂದಿನವರು "ಗುಂಡಿ" ಅಂದರೆ ಅದು ಕೊನೆಯವರವರೆಗೂ ದಾಟಬೇಕು. ಹಿಂದಿನವರು "ಗಾಡಿ ಬಂತು" ಅಂದರೆ ಮುಂದಿನವರವರೆಗೆ. ನಿಲ್ಲುವ ಮುಂಚೆ ಕೈ ಕೆಳಗೆ ಚಾಚಬೇಕು. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿಯಲು ಬಾರದವರು ಬಾಯಲ್ಲಿ ಹೇಳಿದರೆ ಸಾಕು, ಬಲವಂತ ಬೇಡ. ಮತ್ತೆ ಯಾವಾಗಲೂ ಒಬ್ಬರ ಹಿಂದೆ ಒಬ್ಬರು. ಜೋಡಿಯಾಗಿ ಹೋಗುವುದು ತಪ್ಪು.

ಏರು ಪ್ರೇಮಿ
ಯಾವಾಗಲೂ ತಪ್ಪಲ್ಲ. ಬ್ರಿಟನ್‌ನಲ್ಲಿ 2022ರಲ್ಲಿ ತಿದ್ದಿದ ರಸ್ತೆ ನಿಯಮಾವಳಿ ಜೋಡಿಯಾಗಿ ಹೋಗಬಹುದು ಅಂತಲೇ ಹೇಳುತ್ತದೆ. ಮಕ್ಕಳು, ಹೊಸಬರು ಜೊತೆಗಿದ್ದಾಗ ಅದೇ ಸುರಕ್ಷಿತ ಆಗಬಹುದು ಅಂತಲೂ ಇದೆ. ಇಪ್ಪತ್ತು ಜನರ ಉದ್ದ ಸಾಲನ್ನು ದಾಟುವುದಕ್ಕಿಂತ ಹತ್ತು ಜೋಡಿಯನ್ನು ದಾಟಲು ಗಾಡಿಯವರಿಗೆ ಕಡಿಮೆ ದೂರ ಸಾಕು.

ಸಿಗ್ನಲ್ ಕೈ
ಅಲ್ಲಿ ಇರಬಹುದು ಸರ್. ನಿಯಮ ದೇಶಕ್ಕೊಂದು. ಕಿರಿದಾದ ರಸ್ತೆ, ಹಿಂದೆ ಗಾಡಿ ಇದ್ದರೆ ಒಂದೇ ಸಾಲು. ಅದನ್ನು ಆ ನಿಯಮಾವಳಿಯೂ ಬೇಡ ಅನ್ನುವುದಿಲ್ಲ.

ಏರು ಪ್ರೇಮಿ
ಅದು ಸರಿ. ಆದರೆ ಮೂವತ್ತು ಜನ ಒಂದೇ ಗುಂಪಾಗಿ ಬೇಡ. ಆರೆಂಟು ಜನರ ತುಂಡು ಮಾಡಿ, ನಡುವೆ ಗಾಡಿ ಬಂದು ಸೇರುವಷ್ಟು ಜಾಗ ಬಿಡಿ.

ಬೇರು ನೋಡಿ
ಎಲ್ಲರೂ ತಮ್ಮ ಸುರಕ್ಷತೆ ಬಗ್ಗೆ ಬರೆದಿದ್ದೀರಿ. ಮರದ ಬಗ್ಗೆ ಒಂದು ಸಾಲು ಬರೆಯುತ್ತೇನೆ. ಸೈಕಲ್ಲನ್ನು ಕಾಂಡಕ್ಕೆ ಒರಗಿಸಬೇಡಿ. ಪೆಡಲ್ ತಗುಲಿ ತೊಗಟೆ ಕಿತ್ತರೆ ಆ ಗಾಯದಿಂದ ಕೊಳೆರೋಗ ಒಳಗೆ ಹೋಗುತ್ತದೆ. ಬುಡದ ಸುತ್ತ ಮೂವತ್ತು ಜನ ನಿಂತು ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು, ಗಾಳಿ ಇಳಿಯುವುದಿಲ್ಲ. ಫೋಟೊಗಾಗಿ ಕೊಂಬೆ ಅಲ್ಲಾಡಿಸಿ ಹೂಮಳೆ ಸುರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇನ್ನೂ ನಾಲ್ಕು ದಿನ ಇರಬೇಕಾದ ಹೂ ಅದು. ನಾಳೆ ಬರುವವರು ಏನು ನೋಡಬೇಕು?

ತಂಪು ನೆರಳು
ಉದುರಿದ ಹೂವಿನ ಮೇಲೆ ಸೈಕಲ್ ಜಾರುತ್ತದೆ, ಅದನ್ನೂ ಸೇರಿಸಿ. ಇಬ್ಬನಿ ಬಿದ್ದು ಒದ್ದೆಯಾಗಿದ್ದರೆ ಇನ್ನೂ ಕಷ್ಟ. ತಿರುವಿನಲ್ಲಿ ಬ್ರೇಕ್ ಹಾಕಬೇಡಿ, ಮುಂಚೆಯೇ ನಿಧಾನ ಮಾಡಿ.

ಬ್ಯಾಟರಿ ಸವಾರ
ನನಗೆ ಮೊಣಕಾಲು ನೋವು. ಇ-ಸೈಕಲ್‌ನಲ್ಲಿ ಬಂದರೆ ಕ್ಲಬ್‌ನವರು ಮುಖ ಸಣ್ಣದು ಮಾಡುತ್ತಾರೆ. ಯುರೋಪಿನಲ್ಲಿ 250 ವ್ಯಾಟ್ ಮೋಟಾರು, ಗಂಟೆಗೆ 25 ಕಿ.ಮೀ. ದಾಟಿದರೆ ಸಹಾಯ ನಿಲ್ಲುವಂಥದ್ದನ್ನು ಸೈಕಲ್ ಅಂತಲೇ ಲೆಕ್ಕ ಹಾಕುತ್ತಾರೆ. ನನ್ನದೂ ಅಂಥದ್ದೇ.

ಹಿಂದಿನ ಚಕ್ರ
ನೀವು ಬಂದೇ ಬರಬೇಕು. ಏರಿನಲ್ಲಿ ಯಾರಿಗಾದರೂ ಕಷ್ಟವಾದರೆ ಅವರ ಬ್ಯಾಗ್ ಹೊರಲು ನಿಮಗಿಂತ ಒಳ್ಳೆಯವರು ಯಾರಿದ್ದಾರೆ?

ಮಣ್ಣು ದಾರಿ
ನಿಧಾನ ಪೆಡಲ್ ಅವರೇ, ಒಂದು ಕೇಳಲೇ? ಆ ಅಕ್ಕನ ಹತ್ತಿರ ಯಾರಾದರೂ ಹೋಗಿ ಮಾತಾಡಿದ್ದೀರಾ?

ನಿಧಾನ ಪೆಡಲ್
ಗುಂಪಿನಲ್ಲಿ ಸಂದೇಶ ಹಾಕಿದ್ದೆವು.

ಮಣ್ಣು ದಾರಿ
ಅದು ಮಾತಾಡಿದ ಹಾಗಲ್ಲ. ಮನೆಗೆ ಹೋಗಿ. ನನ್ನನ್ನೂ ಒಂದು ಕ್ಲಬ್‌ನವರು ಹೀಗೇ ಬಿಟ್ಟು ಹೋಗಿದ್ದರು. ಕಾಲು ನೋವು ಎರಡು ದಿನಕ್ಕೆ ಹೋಯಿತು. ನಾನು ಇಲ್ಲ ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ ಅಲ್ವಾ, ಆ ನೋವು ಹೋಗಲು ವರ್ಷ ಹಿಡಿಯಿತು.

ನಿಧಾನ ಪೆಡಲ್
ಇವತ್ತು ಸಂಜೆಯೇ ಹೋಗುತ್ತೇನೆ.

ನಿಧಾನ ಪೆಡಲ್ (ಮೂರು ವಾರದ ನಂತರ)
ಎಲ್ಲರಿಗೂ ಹೇಳಬೇಕು ಅನ್ನಿಸಿತು. ನಿನ್ನೆ ಹೋಗಿ ಬಂದೆವು.

ಆ ಅಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಜಾಸ್ತಿ ಏನೂ ಮಾತಾಡಲಿಲ್ಲ. ಚೈನ್ ಹಾಕುವುದು ಹೇಗೆ ಅಂತ ತೋರಿಸುತ್ತೀರಾ ಅಂತ ಮಾತ್ರ ಕೇಳಿದರು. ಅಂಗಳದಲ್ಲೇ ಕೂತು ತೋರಿಸಿದೆ. ಮೂರನೆಯ ಸಲಕ್ಕೆ ಅವರೇ ಹಾಕಿದರು.

ಗುರುತಿಟ್ಟ ಮರದ ಫೋಟೊ ನೋಡಿ ಎರಡನೆಯ ಭಾನುವಾರ ಆರಿಸಿದೆವು. ನಿಧಾನದ ಗುಂಪು 45 ನಿಮಿಷ ಮೊದಲು ಹೊರಟಿತು. ಆದರೂ ಲೆಕ್ಕ ತಪ್ಪಿತು. ಏರಿನ ಬುಡದಲ್ಲೇ ವೇಗದವರು ನಮ್ಮನ್ನು ಹಿಡಿದುಬಿಟ್ಟರು. ದಾಟಿ ಹೋಗುತ್ತಾರೆ ಅಂದುಕೊಂಡೆ. ಇಬ್ಬರು ಹೋದರು. ಉಳಿದವರು ನಿಧಾನ ಮಾಡಿ ಹೊಸಬರ ಪಕ್ಕದಲ್ಲೇ ಏರಿದರು. ಅರ್ಧ ಏರಿನಲ್ಲಿ ಒಬ್ಬ ಹುಡುಗನ ಚೈನ್ ಕಳಚಿತು. ಸ್ವೀಪ್ ನಾನೇ ಆಗಿದ್ದೆ. ನಾನು ಇಳಿಯುವಷ್ಟರಲ್ಲಿ ಆ ಅಕ್ಕ ಸೈಕಲ್ ನಿಲ್ಲಿಸಿ ಅವನ ಪಕ್ಕ ಕೂತಾಗಿತ್ತು.

ಸಾಲಿನ ಈ ತುದಿಯ ಮರಗಳಲ್ಲಿ ಹೂ ಅರ್ಧ ಉದುರಿತ್ತು, ಆ ತುದಿಯವು ಇನ್ನೂ ಮೊಗ್ಗು. ನಡುವಿನ ಏಳೆಂಟು ಮರ ಮಾತ್ರ ತುಂಬಿ ನಿಂತಿದ್ದವು. ಎಲ್ಲರೂ ಇಳಿದು ತಳ್ಳಿಕೊಂಡೇ ನಡೆದೆವು. ತಲೆ ಎಣಿಸಿದೆ, ಇಪ್ಪತ್ತೇಳು. ಹೊರಟಾಗಲೂ ಇಪ್ಪತ್ತೇಳೇ.

ಮೊಗ್ಗು ಕಾವಲು
ಆ ತುದಿ ಇನ್ನೂ ಮೊಗ್ಗಾ? ಹಾಗಿದ್ದರೆ ಮೂರನೆಯ ಭಾನುವಾರ ಬಿಡಬೇಡಿ.

ನಿಧಾನ ಪೆಡಲ್
ಹನ್ನೊಂದು ಜನ ಆಗಲೇ ಹೆಸರು ಕೊಟ್ಟಿದ್ದಾರೆ. ಸ್ವೀಪ್ ಯಾರು ಅಂತ ಕೇಳಿದ್ದಕ್ಕೆ ಆ ಅಕ್ಕನೇ ಕೈ ಎತ್ತಿದರು.